ಅಂಚಿನಾಚೆಯ ನಕ್ಷತ್ರ

"ಮೊದಲು ಕಾಫಿ ಕುಡಿ ಮಾರಾಯ್ತಿ. ಆ ಡಬ್ಬ ಆಮೇಲೆ ತೆರೆದ್ರೆ ಆಯ್ತು," ಎನ್ನುತ್ತ ಧನರಾಜ್ ಗಲ್ಲಾ ಬಿಟ್ಟು ಬಂದು ಶಬ್ರೀನಳ ಎದುರು ಕುಳಿತ.

ಸಾಂತಾಕ್ರೂಜಿನ ಅವನ ಹೋಟೆಲಿನಲ್ಲಿ ಮಧ್ಯಾಹ್ನದ ಗದ್ದಲ ಆಗಷ್ಟೇ ಇಳಿದಿತ್ತು. ಎಷ್ಟೋ ವರ್ಷಗಳ ಮೇಲೆ ಹಳೆಯ ಗೆಳತಿ ಹೇಳದೆ ಕೇಳದೆ ಬಂದಿದ್ದಾಳೆಂದರೆ ಅವಳು ಮೇಜಿನ ಮೇಲಿಟ್ಟ ಲ್ಯಾಪ್‌ಟಾಪಿನಲ್ಲಿ ಏನಿರಬಹುದೆಂದು ಅವನಿಗೆ ಅಂದಾಜಿತ್ತು.

ಕೊಲಾಬಾದ ವಿಜ್ಞಾನ ಸಂಸ್ಥೆಯಲ್ಲಿ ಇಬ್ಬರೂ ಒಟ್ಟಿಗೆ ಸಂಶೋಧನೆಗೆ ಸೇರಿದವರು. ಎಂಥ ದಿನಗಳವು! ಎದುರಿಗೆ ಕಡಲು, ಕೈಯಲ್ಲಿ ಅರ್ಧ ಲೋಟದ ಕಟಿಂಗ್ ಚಹಾ; ಇವನ ಉಡುಪಿ ಕನ್ನಡಕ್ಕೆ ಅವಳು ನಗುವುದು, ಅವಳ ಬಿಜಾಪುರದ ಕನ್ನಡಕ್ಕೆ ಇವನು. ಆಕಾಶದ ಒಂದು ಮೂಲೆಯಲ್ಲಿ ಗಾಮಾ ಕಿರಣಗಳ ಮಸುಕು ಹೊಳಪು ಕಂಡಿತ್ತು. ಎಲ್ಲಿಂದ ಹುಟ್ಟಿದ್ದೆಂದು ಯಾರಿಗೂ ತಿಳಿದಿರಲಿಲ್ಲ. ಪಲ್ಸಾರ್ ಎಂಬ ಸತ್ತ ನಕ್ಷತ್ರ ಗಿರಗಿರ ತಿರುಗುತ್ತ ಬೀಸಿದ ಗಾಳಿಯ ಮೋಡ ಅದು ಎಂದು ಧನರಾಜ್ ಹಠ ಹಿಡಿದ. ಹಾಗಾದರೆ ನಕ್ಷತ್ರವನ್ನು ಎಕ್ಸ್-ರೇಯಲ್ಲಿ ತೋರಿಸು ಎಂದರು ದೊಡ್ಡವರು. ಕಾಡಿ ಬೇಡಿ ಎಕ್ಸ್-ರೇ ದೂರದರ್ಶಕದಲ್ಲಿ ಒಂದೇ ಒಂದು ಅವಕಾಶ ಸಿಕ್ಕಿತು. ಹೊಳಪಿನ ನಟ್ಟನಡುವಿಗೇ ಗುರಿಯಿಟ್ಟರು. ಚಿತ್ರದಲ್ಲಿ ಏನೂ ಇರಲಿಲ್ಲ. ಸೆಮಿನಾರಿನಲ್ಲಿ ಜನ ನಕ್ಕರು. ಅಪ್ಪನಿಗೆ ಮೈ ಸರಿಯಿಲ್ಲವೆಂಬ ನೆಪ ಸಿಕ್ಕಿದ್ದೇ ತಡ, ಅಪ್ಪನ ಹೋಟೆಲಿಗೆ ಬಂದ ಧನರಾಜ್ ಮತ್ತೆ ಕೊಲಾಬಾದ ದಾರಿ ಹಿಡಿಯಲಿಲ್ಲ.

ಶಬ್ರೀನ ಪರದೆಯನ್ನು ಅವನತ್ತ ತಿರುಗಿಸಿದಳು. "ಇದು ಹೊಸಾ ಎಕ್ಸ್-ರೇ ಚಿತ್ರ. ನಮ್ಮದಕ್ಕಿಂತ ಅಗಲ ಐತಿ. ಈ ಚೌಕ ನೋಡು, ನಾವು ಆವತ್ತು ನೋಡಿದ್ದು ಇಷ್ಟ."

ಚೌಕದ ಅಂಚಿನಾಚೆ, ಬೆರಳಗಲ ದೂರದಲ್ಲಿ ಒಂದು ಚುಕ್ಕಿ. ಅದರಿಂದ ಗಾಮಾ ಹೊಳಪಿನ ಕಡೆಗೆ, ಸರಿದು ಬಂದ ಜಾಡಿನಂತೆ, ತೆಳ್ಳನೆಯ ಬಾಲ.

"ಪಲ್ಸಾರಿನ ಮಿಡಿತ ಸಿಕ್ಕಿದೆಯಾ?"

"ಸಿಕ್ಕೈತಿ. ನಿಂದ ಖರೆ ಇತ್ತೋ."

ಧನರಾಜನಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. "ಒಗ್ಗರಣೆ ಹಾಕಿದವ ಯಾವಾಗಲೋ ಹೊರಗೆ ಹೋಗಿಯಾಗಿದೆ. ಘಾಟು ಮಾತ್ರ ಅಡುಗೆಮನೆಯಲ್ಲೇ ಉಂಟು. ನಾವು ಘಾಟಿದ್ದಲ್ಲಿ ಅವನನ್ನು ಹುಡುಕಿದ್ದು. ಛೆ, ಒಂದು ಬೆರಳು ಆಚೆ ನೋಡಿದ್ರೆ!" ಎದೆಯಲ್ಲಿ ಸಂತೋಷವೂ ಸಿಟ್ಟೂ ಒಟ್ಟಿಗೇ ಎದ್ದವು.

"ಸಂಶೋಧನಾ ಪೇಪರಿನಾಗ ನಿನ್ನ ಹೆಸರ ಮೊದಲ ಹಾಕೀನಿ."

"ತೆಗೆ, ತೆಗೆ. ಇಡ್ಲಿ ಮಾರುವವನ ಹೆಸರು ಯಾರಿಗೆ ಬೇಕು?"

"ನನಗ ಬೇಕು. ನೀ ಬ್ಯಾಡಂದ್ರ ಇದನ್ನ ಅಚ್ಚಿಗೆ ಕಳಸಂಗಿಲ್ಲ."

ಅವಳ ಹಠ ಅವನಿಗೆ ಹೊಸದಲ್ಲ. ಹೆಸರಿನ ಕೆಳಗೆ ಸಂಸ್ಥೆಯನ್ನು ಬರೆಯುವುದು ಆ ಲೋಕದ ರೂಢಿ. ಪರದೆಯ ಮೇಲೆ ಅವನ ಹೆಸರಿನ ಕೆಳಗಿನ ಸಾಲು ಖಾಲಿಯಿತ್ತು.

"ಕೊಲಾಬಾದ್ದ ಬರೀಲೇನು? ಕೆಲಸ ಶುರು ಆಗಿದ್ದು ಅಲ್ಲೇ ಅಲ್ಲೇನು?"

ಧನರಾಜ್ ತಲೆಯಲ್ಲಾಡಿಸಿದ. "ಬೇಡ. ಈಗ ನಾನು ಅಲ್ಲಿ ಇಲ್ಲ."

ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು ಒಂದೇ ಬೆರಳಿನಲ್ಲಿ ಒತ್ತತೊಡಗಿದ: ಹೋಟೆಲ್ ಚಂಪಾ, ಸಾಂತಾಕ್ರೂಜ್ ಪೂರ್ವ. ಸ್ವಲ್ಪ ಯೋಚಿಸಿ, 'ಸ್ಟೇಷನ್ನಿನ ಎದುರು' ಎಂದೂ ಸೇರಿಸಿದ.

ಶಬ್ರೀನ ಅದನ್ನು ಅಳಿಸಲಿಲ್ಲ.