ಚರ್ಚಿನ ಅಂಗಳದಲ್ಲೊಂದು ಕಣ

ದೇವದುರ್ಗದ ಕಡೆಯ ಜಟ್ಟೆಮ್ಮ ಬೆಂಗಳೂರಿಗೆ ಬಂದಾಗಿನಿಂದ ತಲೆಯ ಮೇಲೆ ಬಾಂಡ್ಲಿ ಹೊತ್ತವಳು. ಮರಳು, ಇಟ್ಟಿಗೆ, ಯಾರದೋ ಮನೆಯ ಒಡೆದ ಬಚ್ಚಲು, ಎಲ್ಲವೂ ಅವಳ ನೆತ್ತಿಯ ಮೇಲೆಯೇ ಸವಾರಿ ಮಾಡಿವೆ. ಅಂಥವಳನ್ನು ಈ ಸಲ ಪ್ರಭುಲಿಂಗ ಮೇಸ್ತ್ರಿಯನ್ನಾಗಿ ಮಾಡಿದ್ದ. ಇಂದಿರಾನಗರದಲ್ಲಿ ಆಫೀಸಿಟ್ಟುಕೊಂಡು ತಾರಸಿಗಳಿಗೆ, ಹೋಟೆಲಿನ ಅಂಗಳಗಳಿಗೆ ಪ್ಲಾಸ್ಟಿಕ್ ಹುಲ್ಲು ಹಾಸಿಕೊಡುವವನು ಅವನು. ಹಳೆಯ ಮೇಸ್ತ್ರಿ ಹುಲಿಗೆಪ್ಪ ಊರಿಗೆ ಹೋಗಿದ್ದರಿಂದ, "ಈ ಕೆಲ್ಸ ನೀಟಾಗಿ ಮುಗಿಸಿ ಜಟ್ಟೆಮ್ಮ, ಮುಂದಕ್ಕೂ ನೀವೇ ಮೇಸ್ತ್ರಿ" ಎಂದಿದ್ದ. ಅಂದಿನಿಂದ ಮರ್ಫಿ ಟೌನಿನ ಬಾಡಿಗೆ ಕೋಣೆಯಿಂದ ಅವಳು ಹೊರಟರೆ ಕತ್ತು ನೆಟ್ಟಗೆ ನಿಲ್ಲುತ್ತಿತ್ತು.

ಕೆಲಸ ಹಲಸೂರಿನ ಒಂದು ಚರ್ಚಿನ ಹಿಂದಿನ ಅಂಗಳದ್ದು. ಭಾನುವಾರ ಪೂಜೆ ಮುಗಿದ ಮೇಲೆ ಮಂಡಿನೋವಿನ ಹಿರಿಯರು ಕಲ್ಲುಬೆಂಚಿನ ಮೇಲೆ ಕೂತು ಒಬ್ಬರ ಕಾಯಿಲೆಯನ್ನು ಇನ್ನೊಬ್ಬರಿಗೆ ವರದಿ ಮಾಡುವುದನ್ನು ನೋಡಿ ನೋಡಿ ಫಾದರ್‌ಗೆ ಸಾಕಾಗಿತ್ತು. ಓಡಬೇಕಿಲ್ಲ, ಹಾರಬೇಕಿಲ್ಲ, ಕೋಲಿನಿಂದ ಚೆಂಡನ್ನು ಮೆಲ್ಲಗೆ ತಟ್ಟಿ ಕುಳಿಗೆ ಬೀಳಿಸಿದರಾಯಿತು ಎಂದು ಗಾಲ್ಫಿನ ಆ ಪುಟ್ಟ ಆಟಕ್ಕೊಂದು ಹಸಿರು ಹಾಸು ಮಾಡಿಸಲು ಹೊರಟಿದ್ದರು. ಅಂಗಳದ್ದು ಮಾತ್ರ ಜೇಡಿಮಣ್ಣು. ಒಣಗಿದರೆ ಬಿರುಕು, ನೆಂದರೆ ಚಪ್ಪಲಿಯನ್ನೇ ನುಂಗುವ ಜಾತಿ.

"ಕೆಳಗಡೆ ಬೇಸ್ ಗಟ್ಟಿಯಾಗಿ, ಸಪಾಟಾಗಿ ಇರ್ಬೇಕು. ಜಲ್ಲಿ ಲೋಡ್ ಬರುತ್ತೆ, ಹಾಕಿಸ್ಕೊಳ್ಳಿ" ಎಂದು ಪ್ರಭುಲಿಂಗ ಫೋನಿನಲ್ಲಿ ಹೇಳಿದ. ಜಲ್ಲಿ ಎಲ್ಲಿಗೆ ಎಂದು ಬಿಡಿಸಿ ಹೇಳಬೇಕೆಂದು ಅವನಿಗೂ ಅನ್ನಿಸಲಿಲ್ಲ, ಕೇಳಬೇಕೆಂದು ಇವಳಿಗೂ ಅನ್ನಿಸಲಿಲ್ಲ. ಗಟ್ಟಿ, ಸಪಾಟು ಎಂದ ಕೂಡಲೇ ಜಟ್ಟೆಮ್ಮನ ಕಣ್ಣಿಗೆ ಬಂದದ್ದು ಕಣ. ಜೋಳ ಬಡಿಯುವ ಕಣ ಮಾಡುವುದರಲ್ಲಿ ಅವಳ ತವರಿನ ಹೆಂಗಸರಿಗೆ ಹೆಸರಿತ್ತು. ಕಣದಲ್ಲಿ ಒಂದು ಕಲ್ಲು ಉಳಿದರೆ ಅದು ಕಾಳಿಗೆ ಸೇರಿ ಉಣ್ಣುವವರ ಹಲ್ಲಿಗೆ ಬರುತ್ತದೆ. ಅದಕ್ಕಿಂತ ದೊಡ್ಡ ಮರ್ಯಾದೆಗೇಡು ಬೇರೆ ಇಲ್ಲ.

ಹೀಗಾಗಿ ಬಂದ ಜಲ್ಲಿಯನ್ನು ಕೆಸರಾಗಿದ್ದ ಕಾಲುದಾರಿಗೆ ಹಾಕಿಸಿದಳು. ಅಂಗಳದ ಜೇಡಿಯನ್ನು ನೆನೆಸಿ, ತುಳಿಸಿ, ದಿಮ್ಮಸಿನಿಂದ ಬಡಿಸಿದಳು. ಕಲ್ಲುಗಳನ್ನು ಅವಳೇ ಕೂತು ಆರಿಸಿದಳು. ಕೊನೆಗೆ ಹತ್ತಿರದ ಹಾಲಿನವನ ಕೊಟ್ಟಿಗೆಯಿಂದ ಸಗಣಿ ತರಿಸಿ ಸಾರಿಸಿಯೂಬಿಟ್ಟಳು. ಫಾದರ್ ಬಂದು ಮೂಗು ಅರಳಿಸಿದರು, ಪಾಪ, ಹಾಗೇ ಒಳಗೆ ಹೋದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆದರೆ ಆ ನೆಲ ನಿಜಕ್ಕೂ ಚೆಂದವಾಗಿತ್ತು, ಅನ್ನ ಸುರುವಿಕೊಂಡು ಉಣ್ಣಬಹುದಿತ್ತು. ಮೇಲೆ ಹುಲ್ಲು ಹಾಸಿದ್ದಾಯಿತು.

ಶನಿವಾರ ಮಧ್ಯಾಹ್ನ ಮಳೆ ಹೊಡೆಯಿತು. ಭಾನುವಾರ ಹಿರಿಯರು ಕೋಲು ಹಿಡಿದು ಬಂದರೆ ಅಂಗಳದಲ್ಲಿ ನೀರು ತಟ್ಟೆಯಲ್ಲಿ ನಿಂತಂತೆ ನಿಂತಿತ್ತು. ಒಂದು ಹನಿಯೂ ಇಂಗಿರಲಿಲ್ಲ. ಹುಲ್ಲು ಅಲ್ಲಲ್ಲಿ ಉಬ್ಬಿ ತೇಲುತ್ತಿತ್ತು. ಸುದ್ದಿ ತಿಳಿದು ಬಂದ ಜಟ್ಟೆಮ್ಮ ಅಂಚಿನಲ್ಲಿ ಕೂತು ಹುಲ್ಲನ್ನು ಒತ್ತಿ ನೋಡಿದಳು.

ಓಡಿಬಂದ ಪ್ರಭುಲಿಂಗ ಹುಲ್ಲಿನಡಿ ಜಲ್ಲಿ ಇದೆಯೆಂದೇ ತಿಳಿದಿದ್ದ. "ನಿಮ್ಮ ಮಣ್ಣೇ ಸರಿ ಇಲ್ಲ ಫಾದರ್. ಇಂಥಾ ಕ್ಲೇ ಇಟ್ಕೊಂಡು ನಾವೇನ್ ಮಾಡೋಕಾಗುತ್ತೆ?" ಎಂದ.

ಫಾದರ್ ಮುಖ ಸಣ್ಣದಾಯಿತು. "ಹಂಗಾದ್ರೆ ಕಿತ್ಹಾಕ್ಬಿಡೋಣಪ್ಪ. ಈ ಜಾಗಕ್ಕೆ ಭಾಗ್ಯ ಇಲ್ಲ ಅಂತ ಕಾಣುತ್ತೆ" ಎಂದರು.

ಸುಮ್ಮನಿದ್ದಿದ್ದರೆ ಜಟ್ಟೆಮ್ಮ ಬಚಾವು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕೈಯಾರೆ ಮಿದ್ದ ಮಣ್ಣನ್ನು ತನ್ನೆದುರೇ ಹೀಗೆ ಹಳಿಯುವುದು ಅವಳಿಗೆ ತಡೆಯಲಾಗಲಿಲ್ಲ.

"ಮಣ್ಣಿಂದೇನ್ ತಪ್ಪಿಲ್ರಿ ಸರ. ತಪ್ಪು ನಂದೈತಿ. ಜಲ್ಲಿ ಒಳಗ ಹಾಕಿಲ್ರಿ ನಾನು. ಕಣ ಮಾಡೀನಿ" ಎಂದಳು.

ಪ್ರಭುಲಿಂಗ ಫಾದರ್ ಮುಂದೆ ತಲೆ ತಗ್ಗಿಸಬೇಕಾಯಿತು. ಕೆಲಸವನ್ನು ಮತ್ತೆ ಮಾಡಿಕೊಡುತ್ತೇನೆಂದು ಮಾತುಕೊಟ್ಟ. ಆ ಸಿಟ್ಟಿನಲ್ಲೇ, "ಹುಲಿಗೆಪ್ಪನ್ನ ಕರೆಸ್ತೀನಿ. ಇನ್ಮೇಲೆ ಅವನೇ ನೋಡ್ಕೋತಾನೆ" ಎಂದು ಜಟ್ಟೆಮ್ಮನಿಗೆ ಹೇಳಿ ಹೊರಟುಹೋದ.

"ಯವ್ವಾ, ಬಾಯಿ ಮುಚ್ಕೊಂಡಿದ್ರ ನಿನ್ನ ಗಂಟೇನ್ ಹೋಗ್ತಿತ್ತ?" ಎಂದು ಜೊತೆಗಾತಿ ಸಾಬಮ್ಮ ಬೈದಳು. ಜಟ್ಟೆಮ್ಮ ಗೋಡೆಯ ಹಿಂದೆ ನಿಂತು ಅತ್ತಳು. ಹುಲಿಗೆಪ್ಪ ಬಂದ ದಿನ ಮತ್ತೆ ಬಾಂಡ್ಲಿ ಹೊತ್ತಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ಈ ಕಣದ ಮುಂದೆ ಸುಳ್ಳಾಯಿತು. ಜಲ್ಲಿಗೆ ಜಾಗ ಮಾಡಲು ಅಗೆಯಹೋದ ಹುಲಿಗೆಪ್ಪನ ಗುದ್ದಲಿ ಪುಟಿದು ಪುಟಿದು ವಾಪಸು ಬರುತ್ತಿತ್ತು. "ಏನ್ ತಾಯಿ ಇದು, ಕೋಟೆ ಕಟ್ಟೀಯೇನು?" ಎಂದು ಅವನು ಬೆವರೊರೆಸಿಕೊಂಡ. ಅವನು ಏನು ಹೇಳಿದರೂ ಕೆಲಸದ ಹೆಂಗಸರು ಮೊದಲು ಜಟ್ಟೆಮ್ಮನ ಮುಖ ನೋಡುತ್ತಿದ್ದರು. ಅವಳು ಹೂಂ ಎಂದರೆ ಮಾತ್ರ ಕೈ ಅಲ್ಲಾಡುತ್ತಿತ್ತು.

ಒಂದು ಪೆಟ್ಟು ತಿಂದವಳಿಗೆ ಈಗ ಎಲ್ಲವನ್ನೂ ಕೇಳುವ ಚಟ ಹತ್ತಿತ್ತು. ಜಲ್ಲಿ ಸುರಿಯುವ ಮೊದಲು ಅವಳು ಹುಲಿಗೆಪ್ಪನನ್ನು ತಡೆದಳು. "ಅಣ್ಣಾ, ಜಲ್ಲಿಯೊಳಗ ನೀರು ಇಳೀತೈತಿ, ಖರೆ. ಕೆಳಗ ಮತ್ತ ಜೇಡಿನೇ ಐತಲ್ಲ. ಆ ನೀರು ಎಲ್ಲಿಗೆ ಹೋಗ್ಬೇಕು?"

ಹುಲಿಗೆಪ್ಪ ಜೇಬಿಗೆ ಕೈಹಾಕಿದ. ತಾರಸಿಗಳಲ್ಲಿ ಈ ಪ್ರಶ್ನೆ ಬಂದೇ ಇರಲಿಲ್ಲ. ಪ್ರಭುಲಿಂಗನಿಗೆ ಫೋನು ಹೋಯಿತು. ಅವನು, "ತೂತಿನ ಪೈಪ್ ಹಾಕಿ ಮೋರಿಗೆ ಬಿಡ್ಬೇಕು. ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ" ಎಂದ. ಪೈಪನ್ನು ತಾನೇ ಕಾರಿನಲ್ಲಿ ತಂದ.

ಹುಲ್ಲು ಹಾಸಿ ಮುಗಿಸಿದ ಸಂಜೆಯೇ ಮಳೆ ಬಂತು. ಎಲ್ಲರೂ ಚರ್ಚಿನ ಜಗಲಿಗೆ ಓಡಿದರು. ಜಟ್ಟೆಮ್ಮ ಮಾತ್ರ ನೆನೆಯುತ್ತ ಮೋರಿಯ ಹತ್ತಿರ ಪೈಪಿನ ಬಾಯಿ ನೋಡುತ್ತ ನಿಂತಳು. ಮೊದಲು ಏನೂ ಬರಲಿಲ್ಲ. ಆಮೇಲೆ ಕೆಂಪಗೆ ತೊಟ್ಟಿಕ್ಕಿತು, ಬರಬರುತ್ತ ಧಾರೆಯಾಗಿ ಸುರಿಯಿತು. ತಿರುಗಿ ನೋಡಿದರೆ ಹಾಸಿನ ಮೇಲೆ ನೀರು ನಿಂತಿರಲಿಲ್ಲ. ಅವಳಿಗೆ ಕುಣಿಯಬೇಕೆನ್ನಿಸಿತು. ಫಾದರ್ ಇದ್ದರಲ್ಲ ಎಂದು ಸುಮ್ಮನಾದಳು.

"ಸರ್, ಈ ಹೆಂಗಸ್ರು ನನ್ನ ಮಾತು ಕೇಳಲ್ಲ. ನನ್ನನ್ನ ತಾರಸಿ ಕೆಲಸಕ್ಕೇ ಹಾಕ್ರಿ. ಮಣ್ಣಿನ ಕೆಲಸ ಅಕ್ಕನೇ ನೋಡ್ಕೊಳ್ಳಿ" ಎಂದು ಹುಲಿಗೆಪ್ಪ ಜಗಲಿಯಲ್ಲಿ ಪ್ರಭುಲಿಂಗನಿಗೆ ಕೈಮುಗಿದ.

ಪ್ರಭುಲಿಂಗ ನಕ್ಕ. ನೆನೆದು ತೊಪ್ಪೆಯಾಗಿ ಬಂದ ಜಟ್ಟೆಮ್ಮನಿಗೆ, "ಕೆ.ಆರ್. ಪುರದಲ್ಲಿ ಇನ್ನೊಂದು ಚರ್ಚಿನವ್ರು ಕೇಳ್ತಿದ್ದಾರೆ. ಅಲ್ಲಿ ನೀವೇ ಮೇಸ್ತ್ರಿ. ಸೋಮವಾರ ಶುರು ಮಾಡ್ತೀರಾ?" ಎಂದ.

ಬೆಂಗಳೂರಿಗೆ ಬಂದಾಗಿನಿಂದ ಯಾವ ಕೆಲಸ ಕರೆದರೂ ಅವಳ ಬಾಯಿಂದ ಬಂದದ್ದು "ಹೂನ್ರಿ" ಒಂದೇ. ಜಟ್ಟೆಮ್ಮ ಸೆರಗು ಹಿಂಡಿಕೊಂಡು ಯೋಚಿಸಿದಳು.

"ಮೊದ್ಲು ಒಂದ್ ಮಳಿಯಾಗ ಹೋಗಿ ಆ ಮಣ್ಣು ನೋಡ್ತೀನ್ರಿ. ಆಮ್ಯಾಗ ಹೇಳ್ತೀನಿ."