ಅಕ್ಕನ ಇಪ್ಪತ್ತು ಕೋಟು

ಕೋಟಿನ ಕಾರ್ಖಾನೆಗೆ ಸ್ಟಾಪ್‌ವಾಚ್ ಹಿಡಿದು ಬಂದ ಇಂಜಿನಿಯರ್ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಬಾಯ್ತುಂಬ ಬೈದು ಹಗುರಾಗಬಹುದಿತ್ತು, ಏನು ಮಾಡೋಣ! ಒಂದು ಕೋಟಿಗೆ ಗುಂಡಿ ಹೊಲಿಯಲು ಎಷ್ಟು ನಿಮಿಷ ಕೊಡಬೇಕೆಂದು ಅವನು ಗೊತ್ತುಮಾಡಬೇಕಿತ್ತು. ನೀರು ಕುಡಿಯಲು, ಬೆನ್ನು ನೆಟ್ಟಗೆ ಮಾಡಲು, ಎಲ್ಲಕ್ಕೂ ಸಮಯ ಸೇರಿಸುತ್ತೇನೆ ಎಂದ. "ಚುರುಕಿನವರನ್ನ ನೋಡಿದ್ರೆ ಉಳಿದವರಿಗೆ ಅನ್ಯಾಯ. ನಡುವಿನವರನ್ನ ನೋಡೋಣ," ಎಂದು ರಿಜಿಸ್ಟರ್ ತಿರುವಿದ. ದಿನಕ್ಕೆ ಇಪ್ಪತ್ತು ಕೋಟಿನ ಲೆಕ್ಕದಲ್ಲಿ ಸರಿಯಾಗಿ ನಡುವೆ ಇದ್ದವಳು ಅಕ್ಕ.

ಪಕ್ಕದಲ್ಲಿದ್ದ ತಂಗಿ ತಲೆಯೆತ್ತಿ ರಿಜಿಸ್ಟರ್ ಕಡೆ ನೋಡಿದಳು.

ಅಮ್ಮ ಹೋದ ಮೇಲೆ ಅವಳನ್ನು ಸಾಕಿದ್ದು, ಇದೇ ಬೆಂಚಿನಲ್ಲಿ ಸೂಜಿ ಹಿಡಿಸಿದ್ದು ಅಕ್ಕನೇ. ಆ ಅಕ್ಕನ ಬೆರಳು ನಡುಗಲು ಶುರುವಾಗಿ ವರ್ಷವಾಯಿತು. ದಿನಕ್ಕೆ ಹನ್ನೆರಡು ಕೋಟು ಮುಗಿದರೆ ಹೆಚ್ಚು. ಅಕ್ಕ ಎದ್ದು ಅತ್ತಿತ್ತ ಹೋದಾಗ ತಂಗಿ ತಾನು ಹೊಲಿದ ಎಂಟನ್ನು ಅವಳ ರಾಶಿಗೆ ಸೇರಿಸುತ್ತಿದ್ದಳು. ಅಕ್ಕನಿಗೆ ಇದರ ಸುಳಿವೇ ಇಲ್ಲ. "ನಿನ್ನ ಕೈಗೆ ಜಡ ಹಿಡಿದಿದೆ ಕಣೇ, ನನ್ನ ನೋಡಿ ಕಲಿ," ಎಂದು ದಿನಾ ಛೇಡಿಸುವುದು ಬೇರೆ.

ಅಕ್ಕ ಎರಡು ಕೋಟು ಮುಗಿಸುವುದನ್ನು ಇಂಜಿನಿಯರ್ ನೋಡಿದ. ಒಂದಕ್ಕೆ ನಲವತ್ತು ನಿಮಿಷ, ಇನ್ನೊಂದಕ್ಕೆ ನಲವತ್ತೆರಡು.

"ರಿಜಿಸ್ಟರಲ್ಲಿ ಇಪ್ಪತ್ತಿದೆಯಲ್ಲಮ್ಮ?"

"ನಿಮ್ಮ ಗಡಿಯಾರ ಸರಿಯಿಲ್ಲ ಸರ್," ಎಂದಳು ಅಕ್ಕ.

ಅವನು ಪಾಪ, ಗೋಡೆಯ ಗಡಿಯಾರಕ್ಕೆ ಹೋಲಿಸಿ ನೋಡಿದ. ಎರಡೂ ಒಂದೇ ವೇಗದಲ್ಲಿ ಓಡುತ್ತಿದ್ದವು. ಹಿಂದೆ ನಿಂತಿದ್ದ ಸೂಪರ್‌ವೈಸರನ ಮುಖ ಬಿಗಿಯಾಯಿತು. ಬೇಕೆಂದೇ ಕೈ ನಿಧಾನ ಮಾಡಿದವರು ನಾಳೆಯಿಂದ ಬರುವುದು ಬೇಡ ಎಂದು ಅವನು ಬೆಳಿಗ್ಗೆಯೇ ಸಾರಿದ್ದ.

ಅಕ್ಕ ತಂಗಿಯ ಕಡೆ ತಿರುಗಿದಳು. "ನೀನೇ ಹೇಳೇ, ದಿನಾ ಪಕ್ಕದಲ್ಲೇ ಕೂತಿರ್ತೀಯಲ್ಲ. ನಾನು ಇಪ್ಪತ್ತು ಹೊಲಿಯೋದು ಸುಳ್ಳಾ?"

ಸುಳ್ಳೆಂದರೆ ಅಕ್ಕನ ಮಾನ ಹೋಗುತ್ತದೆ, ನಿಜವೆಂದರೆ ಇವತ್ತು ಬೇಕೆಂದೇ ನಿಧಾನ ಮಾಡಿದಳೆಂದು ಕೆಲಸ.

"ಎಂಟು ನಾನು ಹಾಕ್ತಿದ್ದೆ, ಅಕ್ಕ."

ಸಾಲಿಗೆ ಸಾಲೇ ಸೂಜಿ ನಿಲ್ಲಿಸಿತು. ಇಂಜಿನಿಯರ್ ತಲೆ ತಗ್ಗಿಸಿ, ಕೈ ನಡುಗುವವರಿಗೆ ಗುಂಡಿ ವಿಂಗಡಿಸುವ ಹಗುರ ಕೆಲಸ ಕೊಡಿಸಬಹುದು, ಯಾರನ್ನೂ ತೆಗೆಯಬೇಕಿಲ್ಲ ಎಂದ. ಕೆಲಸವೇನೋ ಉಳಿಯಿತು.

ಅಕ್ಕ ಮಡಿಲಲ್ಲಿದ್ದ ಕೋಟನ್ನು ಬಹಳ ಹೊತ್ತು ಮಡಚಿದಳು.

"ನಲವತ್ತು ಅಂತಲೇ ಬರ್ಕೊಳ್ಳಿ ಸರ್," ಎಂದಳು ಕೊನೆಗೆ. "ಎಲ್ಲಿ ಕೂರಿಸಿದ್ರೂ ಕೂತ್ಕೋತೀನಿ. ಇವಳ ಪಕ್ಕ ಮಾತ್ರ ಬೇಡ."

ಅವನು ಅದನ್ನೂ ಬರೆದುಕೊಂಡ.