ಬಿಗಿ ಹಿಡಿದು, ಉಸಿರು ಬಿಟ್ಟು

"ಮುಖ ಯಾಕ್ರೀ ಹಾಗೆ ಕಿವುಚ್ತಿದೀರಾ? ಅದೇನು ಮುಖದ ವ್ಯಾಯಾಮಾನಾ?" ಬಾಗಿಲಲ್ಲಿ ನಿಂತ ಹೆಂಡತಿ ಕೇಳಿದಳು.

ಗಾಜು ಕೂರಿಸುವ ಕೆಲಸದವನು ಮಂಡಿ ಮಡಚಿ ಮಂಚದ ಮೇಲೆ ಅಂಗಾತ ಮಲಗಿದ್ದ. ಆಪರೇಷನ್ ಮಾಡಿ ಪ್ರಾಸ್ಟೇಟ್ ಗ್ರಂಥಿ ತೆಗೆದು ಎರಡು ತಿಂಗಳಾಗಿತ್ತು. ಕಾಯಿಲೆ ಪೂರ್ತಿ ಹೋಗಿದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಕೆಮ್ಮಿದರೆ, ಎದ್ದರೆ, ನಕ್ಕರೆ ಮೂತ್ರ ಜಿನುಗುತ್ತಿತ್ತು. ಅದನ್ನು ತಡೆಯಲು ಆಸ್ಪತ್ರೆಯಲ್ಲಿ ಹೇಳಿದ್ದ ವ್ಯಾಯಾಮವನ್ನೇ ಈಗ ಮಾಡುತ್ತಿದ್ದ. ಮೂವತ್ತು ವರ್ಷ ಆಳೆತ್ತರದ ಗಾಜು ಎತ್ತಿದವನು ಈಗ ಬಕೆಟ್ ಮುಟ್ಟಲೂ ಹೆದರುತ್ತಿದ್ದ. ಕೆಲಸಕ್ಕೆ ಜೋಡಿಯಾಗಿದ್ದ ಭಾಮೈದ ಕರೆಯಲು ಬಂದಾಗಲೆಲ್ಲ ಸೊಂಟನೋವೆಂದು ಸುಳ್ಳು ಹೇಳಿ ಕಳಿಸುತ್ತಿದ್ದ.

ಮರುದಿನ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವಾಕೆ ಅವನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು.

"ಅಂಕಲ್, ನೀವು ಹೊಟ್ಟೆ ಬಿಗೀತಿದೀರಾ. ಅದಲ್ಲ. ನಾಲ್ಕು ಜನರ ಮಧ್ಯೆ ಗ್ಯಾಸ್ ಬಂದ್ರೆ ಹೇಗೆ ತಡೀತೀರಾ? ಹಾಗೆ ಒಳಗೊಳಗೇ ಹಿಡೀರಿ. ಐದು ಎಣಿಸಿ ಬಿಡಿ. ಉಸಿರು ಕಟ್ಬೇಡಿ."

ಅವನು ನಾಚಿ ಗೋಡೆಯ ಕಡೆ ತಿರುಗಿದ. ಆದರೂ ಒಳಗೆಲ್ಲೋ ಏನೋ ಮೇಲಕ್ಕೆ ಸರಿದದ್ದು ಮೊದಲ ಸಲ ಗೊತ್ತಾಯಿತು.

"ಹಾಂ, ಅದೇ! ಏಳೋ ಮೊದ್ಲು, ಭಾರ ಎತ್ತೋ ಮೊದ್ಲು ಹೀಗೇ ಹಿಡೀಬೇಕು."

ದಿನಕ್ಕೆ ಮೂರು ಹೊತ್ತು ಮಾಡಿದ. "ಈಗ ಮಾಡ್ತಿದೀರಾ?" ಎಂದು ಹೆಂಡತಿ ತರಕಾರಿ ಹೆಚ್ಚುತ್ತಲೇ ಕೇಳುತ್ತಿದ್ದಳು. "ನೀನೇ ಹೇಳು ನೋಡೋಣ" ಎನ್ನುತ್ತಿದ್ದ. ಒಂದು ದಿನ ಅವಳು ಎಷ್ಟು ದಿಟ್ಟಿಸಿದರೂ ಗೊತ್ತಾಗಲಿಲ್ಲ; ಇಬ್ಬರೂ ಬಿದ್ದುಬಿದ್ದು ನಕ್ಕರು. ಮೂತ್ರ ಹೀರುವ ಪ್ಯಾಡ್ ದಿನಕ್ಕೆ ನಾಲ್ಕು ಬೇಕಾಗುತ್ತಿದ್ದವನಿಗೆ ಈಗ ಒಂದೇ ಸಾಕಾಯಿತು.

ಆಪರೇಷನ್ ಆದ ಐದನೇ ತಿಂಗಳು, ಭಾರ ಎತ್ತಬಹುದೆಂದು ಡಾಕ್ಟರು ಹೇಳಿದ ಸಂಜೆ, ಭಾಮೈದನಿಗೆ ನಿಜ ಹೇಳಿಬಿಟ್ಟ. ಅವನು, "ಇಷ್ಟೇನಾ ಭಾವ? ನನ್ ಜೊತೆ ಕೆಲ್ಸ ಮಾಡೋಕೇ ಇಷ್ಟ ಇಲ್ವೇನೋ ಅಂದ್ಕೊಂಡಿದ್ದೆ" ಎಂದ.

ಮರುವಾರ ಇಬ್ಬರೂ ಚಪ್ಪಲಿ ಅಂಗಡಿಯ ಮುಂದೆ ದೊಡ್ಡ ಗಾಜಿನ ಎರಡು ಬದಿ ನಿಂತರು. ಭಾಮೈದ ಅವಸರ ಮಾಡಲಿಲ್ಲ.

"ನೀವು ಹೇಳ್ದಾಗ ಎತ್ತೋಣ ಭಾವ."

ಅವನು ಒಳಗೆ ಬಿಗಿ ಹಿಡಿದ. "ಹೂಂ" ಎಂದು ಉಸಿರು ಬಿಡುತ್ತಾ ಎತ್ತಿದ. ಗಾಜು ಮೇಲೆದ್ದು, ಓಲಾಡದೆ, ಚೌಕಟ್ಟಿನಲ್ಲಿ ಕೂತಿತು. ಒಂದು ಹನಿಯೂ ಜಿನುಗಿರಲಿಲ್ಲ. ನಂಬಿಕೆ ಬಾರದೆ ಕ್ಷಣ ತಡೆದ. ಆಮೇಲೆ ಭುಜಗಳು ತಾವಾಗಿ ಸಡಿಲವಾದವು.

"ಏನ್ ಭಾವ?"

"ಏನಿಲ್ಲ. ಟೀ ಕುಡಿಯೋಣ ಬಾ."

ಒಳಗಿದ್ದ ಅಂಗಡಿಯವಳು ಹತ್ತಿರ ಬಂದು, ಗಾಜು ಇದೆಯೋ ಇಲ್ಲವೋ ಎಂಬಂತೆ, ಒಂದೇ ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಿದಳು.